ತವರಿನ ಮೇಲೆ ಒಂದು ಸುತ್ತು

ಬೈಲಹೊಂಗಲದ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ವಿರೂಪಾಕ್ಷನ ಶೇಂಗಾ ಎಣ್ಣೆಯ ಗಿರಣಿಯಿದೆ. ಅವನು ಕೂಡುವ ಗಾದಿಯ ಮೇಲೆ, ಗೋಡೆಯಲ್ಲಿ, ಒಂದು ಫೋಟೊ ತೂಗುಹಾಕಿದ್ದಾನೆ. ಬಿಳಿಯ ಬಣ್ಣದ ಪುಟ್ಟ ವಿಮಾನವೊಂದರ ಪಕ್ಕದಲ್ಲಿ ಅವನು ಕೈಕಟ್ಟಿಕೊಂಡು ನಿಂತಿದ್ದಾನೆ. ಹಿಂಡಿ ಒಯ್ಯಲು ಬಂದ ರೈತರು ಅದನ್ನು ನೋಡಿ, “ಸಾವ್ಕಾರ್ರ, ಇದು ಯಾವ ಫೋಟೊ ಸ್ಟುಡಿಯೋದಾಗ ತಗಸಿದ್ದು? ವಿಮಾನದ ರಟ್ಟು ಚಲೋ ಬರದಾರ,” ಎನ್ನುತ್ತಾರೆ. ಅವನು ನಕ್ಕು ಸುಮ್ಮನಾಗುತ್ತಾನೆ. ಆ ವಿಮಾನ ರಟ್ಟಿನದಲ್ಲವೆಂದೂ, ಅದನ್ನು ನಡೆಸುವ ಪರವಾನಗಿ ತನಗಿದೆಯೆಂದೂ ಹೇಳಹೊರಟರೆ ಅರ್ಧ ತಾಸು ಬೇಕು. ಅಷ್ಟರಲ್ಲಿ ಗಿರಾಕಿ ಮುಂದಿನ ಗಿರಣಿಗೆ ಹೋಗಿರುತ್ತಾನೆ.

ಏಳನೆಯ ಇಯತ್ತೆಯಲ್ಲಿ ಅವನು ನನ್ನ ವಿದ್ಯಾರ್ಥಿಯಾಗಿದ್ದ. ಲೆಕ್ಕದಲ್ಲಿ ಗಟ್ಟಿಗ, ಮಾತಿನಲ್ಲಿ ಮೆತ್ತಗೆ. ತಂದೆ ತೀರಿಕೊಂಡ ಮೇಲೆ ಕಾಲೇಜು ಬಿಟ್ಟು ಗಿರಣಿಯಲ್ಲಿ ಕುಳಿತ. ಎಣ್ಣೆಯ ಡಬ್ಬಿಗಳನ್ನು ಬೆಳಗಾವಿಗೆ ಮುಟ್ಟಿಸಿ ಬರುವಾಗ ಸಾಂಬ್ರಾದ ವಿಮಾನ ನಿಲ್ದಾಣದ ತಂತಿಬೇಲಿಯ ಹತ್ತಿರ ಟೆಂಪೊ ನಿಲ್ಲಿಸಿ, ಒಂದಾದರೂ ವಿಮಾನ ಏರುವುದನ್ನೋ ಇಳಿಯುವುದನ್ನೋ ನೋಡದೆ ಊರಿಗೆ ಮರಳುತ್ತಿರಲಿಲ್ಲ. ಐವತ್ತು ದಾಟಿದ ಮೇಲೆ, ಅಲ್ಲಿಯೇ ವಿಮಾನ ನಡೆಸಲು ಕಲಿಸುತ್ತಾರೆಂದು ತಿಳಿದಾಗ, ಮನೆಯಲ್ಲಿ ಯಾರಿಗೂ ಹೇಳದೆ ಹೋಗಿ ಹೆಸರು ಹಚ್ಚಿ ಬಂದ. ಬಾಡಿಗೆಗೆ ಹಾರುವ ದೊಡ್ಡ ಚಾಲಕರ ಓದಲ್ಲ ಅದು. ತನ್ನ ಸಂತೋಷಕ್ಕೆ ತಾನು ಹಾರಬಹುದಾದ ಖಾಸಗಿ ಪರವಾನಗಿ. ಗಾಳಿ, ಮೋಡ, ನಕಾಶೆಗಳ ಪಾಠಗಳನ್ನು ಗಿರಣಿಯ ಸದ್ದಿನಲ್ಲಿಯೇ ಬಾಯಿಪಾಠ ಮಾಡಿದ. ಪರೀಕ್ಷೆಗಳಲ್ಲಿ ಪಾಸಾದ ಮೇಲೆಯೇ ಹೆಂಡತಿ ನಾಗರತ್ನಾಳಿಗೆ ಸುದ್ದಿ ತಿಳಿದದ್ದು.

ಆಕೆ ಬೈಯಲಿಲ್ಲ. ಒಂದೇ ಮಾತು ಕೇಳಿದಳಂತೆ: “ಹಂಗಾರ ನಮ್ಮೂರ ಮ್ಯಾಲೆ ಹಾಯಿಸ್ಕೊಂಡು ಬರತೀರೇನು?”

ನಾಗರತ್ನಾಳ ಊರು ಈಗ ಇಲ್ಲ. ಮುನವಳ್ಳಿಯ ಆಚೆ, ಮಲಪ್ರಭೆಯ ದಂಡೆಯಲ್ಲಿ ಅದಿತ್ತು. ಆಣೆಕಟ್ಟು ಕಟ್ಟಿ ನೀರು ನಿಲ್ಲಿಸಿದಾಗ ಆಕೆ ಇನ್ನೂ ಶಾಲೆಗೆ ಹೋಗದ ಹುಡುಗಿ. ಬಂಡಿಯಲ್ಲಿ ಬೀಸುಕಲ್ಲಿನ ಪಕ್ಕ ಕುಳಿತು ಊರು ಬಿಟ್ಟದ್ದು ಆಕೆಗೆ ನೆನಪಿದೆ. ಹಿರಿಯಣ್ಣ ರಾಮದುರ್ಗದಲ್ಲಿ ನೆಲೆ ನಿಂತ. ಪಂಚಮಿಗೆ, ದೀಪಾವಳಿಗೆ ಆಕೆ ಅಲ್ಲಿಗೆ ಹೋಗುತ್ತಾಳೆ, ಆದರೆ “ತವರಿಗೆ ಹೋಗಿದ್ದೆ” ಎನ್ನುವುದಿಲ್ಲ. “ಅಣ್ಣನ ಮನಿಗೆ ಹೋಗಿದ್ದೆ” ಎನ್ನುತ್ತಾಳೆ.

ಮಳೆ ಕೈಕೊಟ್ಟ ವರ್ಷ, ಬೇಸಿಗೆಯ ಕೊನೆಯಲ್ಲಿ ಹಿನ್ನೀರು ಸರಿದು ಆ ಊರಿನ ಬುನಾದಿ ಬಯಲಾಗುವುದುಂಟು. ಅಂಥ ಎರಡು ಬೇಸಿಗೆಗಳಲ್ಲಿ ಆಕೆ ಅಣ್ಣನೊಡನೆ ನಡೆದು ಹೋಗಿ ಬಂದಿದ್ದಳು. ಕಾಲು ಹೂತುಹೋಗುವ ಎರೆಮಣ್ಣಿನ ಕೆಸರು, ಎಲ್ಲೆಲ್ಲಿಯೂ ಒಂದೇ ತೆರನಾದ ಕಲ್ಲಿನ ಗುಪ್ಪೆಗಳು. ಅಣ್ಣ ಒಂದು ಗುಪ್ಪೆಯನ್ನು ತೋರಿಸಿ ಇದೇ ನಮ್ಮ ಮನೆ ಎಂದ. ಒಂದಿಷ್ಟು ದೂರ ಹೋಗಿ ಅವನೇ ತಿರುಗಿ ನಿಂತು, ಅಲ್ಲ, ಅದೇ ಇರಬೇಕು ಎಂದು ಬೇರೊಂದನ್ನು ತೋರಿಸಿದ. ಅಣ್ಣನ ಮಗ ಸಂದೀಪ ಮೊಬೈಲಿನಲ್ಲಿ ನಕಾಶೆ ತೆಗೆದು, ಉಪಗ್ರಹದಿಂದ ಕಾಣುತ್ತದೆ ಅತ್ತಿ, ಎಂದು ಹುಡುಕಿದರೆ ಅದರಲ್ಲಿ ಬರೀ ನೀಲಿ ನೀರು. ನೀರು ತುಂಬಿದ ವರ್ಷ ತೆಗೆದ ಚಿತ್ರವಿರಬೇಕು. ಮೇಲಿನಿಂದ ಒಂದು ಸಲ ನೋಡಿದರೆ ಓಣಿಗಳ ಗೆರೆ ಕಂಡೀತು, ಗೆರೆ ಕಂಡರೆ ಮನೆ ಸಿಕ್ಕೀತು ಎಂಬುದು ಅಂದಿನಿಂದ ಆಕೆಯ ಮನಸ್ಸಿನಲ್ಲಿ ಕುಳಿತಿತ್ತು. ಯಾರ ಮುಂದೆ ಹೇಳಬೇಕು? ಗಂಡ ವಿಮಾನ ಕಲಿತದ್ದು ಆಕೆಗೆ ದೈವವೇ ತೋರಿಸಿದ ದಾರಿಯಾಗಿ ಕಂಡಿತು.

ವಿರೂಪಾಕ್ಷನಿಗೆ ಪರವಾನಗಿ ಬಂದ ವರ್ಷದ ಬೇಸಿಗೆಯಲ್ಲಿ ನೀರು ಇಳಿದಿತ್ತು. ತರಬೇತಿ ಸಂಸ್ಥೆಯವರ ಎರಡಾಸನದ ವಿಮಾನವನ್ನು ಒಂದು ಸೋಮವಾರ ಮುಂಜಾನೆಗೆ ಗೊತ್ತುಮಾಡಿದ. ಅಂಥ ಸಣ್ಣ ವಿಮಾನಕ್ಕೆ ತೂಕದ ಮಿತಿ ಬಹಳ ಬಿಗಿ. ಕೂಡುವವರ ತೂಕ, ಪೆಟ್ರೋಲಿನ ತೂಕ, ಸಾಮಾನಿನ ತೂಕ ಎಲ್ಲವನ್ನೂ ಕೂಡಿಸಿ ಬರೆದುಕೊಡಬೇಕು. ಹಿಂದಿನ ದಿನ ಅವನು ಹೆಂಡತಿಯನ್ನು ಗಿರಣಿಗೆ ಕರೆದು, ಚೀಲ ತೂಗುವ ಕಾಟಾದ ಮೇಲೆ ನಿಲ್ಲೆಂದ.

“ಅಲ್ರೀ, ನನ್ನ ಕಾಟಾದ ಮ್ಯಾಲೆ ನಿಂದ್ರಸ್ತೀರಿ? ನಾ ಏನ್ ಹಿಂಡಿ ಚೀಲಾ ಏನು?”

“ಹಿಂಡಿ ಚೀಲಾ ಆಗಿದ್ರ ಚಿಂತಿ ಇರಲಿಲ್ಲ. ಅದರ ತೂಕಾ ನನಗ ಬಾಯಾಗ ಐತಿ.”

ಹಮಾಲರು ನಗುತ್ತಿದ್ದರು. ಆಕೆ ಸೆರಗು ಬಿಗಿಹಿಡಿದು ನಿಂತಳು. ಅವನು ಅಂಕಿ ಬರೆದುಕೊಂಡ.

ಮರುದಿನ ನಸುಕಿನಲ್ಲಿ ಹೊರಡಬೇಕಾಗಿತ್ತು. ಆದರೆ ವಿರೂಪಾಕ್ಷನ ತಾಯಿ ಸೋಮವ್ವ ಬಾಗಿಲಿಗೆ ಅಡ್ಡಲಾಗಿ ಕುಳಿತಿದ್ದರು. ಸೋಮವಾರ ಏಳೂವರೆಗೆ ರಾಹುಕಾಲ ಹತ್ತುತ್ತದೆ, ಹಾರುವುದು ಅದರಲ್ಲಿಯೇ. ಅದು ಮುಗಿಯುವವರೆಗೆ ಸೊಸೆ ಗಾಡಿ ಹತ್ತಬಾರದು. ಅದು ಮುಗಿಯಿತೆನ್ನುವಾಗ ಅವರು ಮೊರದಲ್ಲಿ ಅಕ್ಕಿ ತಂದರು.

“ಇದೇನವ್ವಾ?” ಎಂದ ವಿರೂಪಾಕ್ಷ.

“ಉಡಿ. ತವರಿಗೆ ಹೊಂಟಾಳ.”

“ನಾವು ಅಲ್ಲಿ ಇಳಿಯೂದಿಲ್ಲ. ಮ್ಯಾಲಿಂದ ಮ್ಯಾಲೆ ಹೊಳ್ಳಿ ಬರತೇವಿ.”

“ಇಳೀದಿದ್ರೇನಾತು? ತವರಿನ ನೆತ್ತಿ ಮ್ಯಾಲೆ ಹಾದ್ಹೋಗಾಕಿ ಬರೇ ಉಡೀಲೆ ಹೋಗ್ತಾಳೇನು? ಅಲ್ಲಿ ಉಡಿ ತುಂಬಾಕ ಯಾರ ಅದಾರ? ನಾನ ತುಂಬತೇನಿ. ನೀ ಗಾಡಿ ಚಾಲೂ ಮಾಡು.”

ಅಕ್ಕಿ, ತೆಂಗಿನಕಾಯಿ, ಬೆಲ್ಲ, ಉತ್ತತ್ತಿ, ಅರಿಶಿನದ ಕೊಂಬು, ರವಿಕೆಗೆಂದು ಕುಬಸದ ಕಣ. ಅದು ಸೊಸೆಯ ಮಡಿಲು ತುಂಬುವ ಉಡಿ. ನೀರಿನಲ್ಲಿದ್ದ ಊರಿನ ದ್ಯಾಮವ್ವನಿಗೆಂದು ಬೇರೆ ಗಂಟು. ಅದರಲ್ಲಿ ಐದು ಕಾಯಿ. ದಾರಿಗೆ ಇರಲೆಂದು ರೊಟ್ಟಿ, ಶೇಂಗಾ ಹೋಳಿಗೆಯ ಬುತ್ತಿ. ಒಂದು ಕಾಳು ಹೆಚ್ಚುಕಡಿಮೆಯಾದರೂ ಹಮಾಲನನ್ನು ಮರಳಿ ಕರೆದು ತೂಗಿಸುವ ವಿರೂಪಾಕ್ಷ ಇದೆಲ್ಲವನ್ನೂ ಪಕ್ಕದಲ್ಲಿ ನಿಂತು ನೋಡಿದ. ತಾಯಿ ಹೇಳಿದಾಗ ಗಂಟನ್ನು ತಾನೇ ಎತ್ತಿ ಕಾರಿನಲ್ಲಿಟ್ಟ. ಸಾಂಬ್ರಾದಲ್ಲಿ ಕುಳಿತು ತೂಕದ ಚೀಟಿ ಬರೆದಾಗ ‘ಸಾಮಾನು’ ಎಂಬ ಸಾಲಿನ ಮುಂದೆ ‘ಇಲ್ಲ’ ಎಂದು ಬರೆದ. ಸುಳ್ಳು ಬರೆಯಬೇಕೆಂದಲ್ಲ. ಉಡಿಯನ್ನು ಸಾಮಾನು ಎಂದು ತಿಳಿಯುವುದು ನಮ್ಮ ಕಡೆಯವರಿಗೆ ಸಾಧ್ಯವೇ ಇಲ್ಲ.

ಅಷ್ಟು ಹೊತ್ತಿಗೆ ಬಿಸಿಲು ಏರಿತ್ತು. ಬಿಸಿಗಾಳಿ ತೆಳ್ಳಗಿರುತ್ತದೆ, ರೆಕ್ಕೆಗೆ ಅದರಲ್ಲಿ ಹಿಡಿತ ಕಡಿಮೆ. ವಿರೂಪಾಕ್ಷ ಅಲ್ಲಿಯವರೆಗೆ ಹಾರಿದ್ದೆಲ್ಲ ತಂಪು ಮುಂಜಾನೆಯಲ್ಲಿ. ವಿಮಾನ ಓಡಿತು, ಓಡುತ್ತಲೇ ಇತ್ತು, ಅವನೆಂದೂ ಕಾಣದಷ್ಟು ದೂರ ಓಡಿ ನೆಲ ಬಿಟ್ಟಿತು. ಮೇಲೇರಲು ಒಲ್ಲೆನೆಂಬಂತೆ ಏರಿತು. ಬೈಲಹೊಂಗಲದ ರಸ್ತೆಯ ಗುಂಟ ಹೊರಟರು. ಸಂಪಗಾಂವದ ಹತ್ತಿರ ಕಾದ ಹೊಲಗಳ ಮೇಲೆ ಬಂದಾಗ ವಿಮಾನ ಕೆಟ್ಟ ದಾರಿಯ ಟೆಂಪೊದಂತೆ ಕುಲುಕತೊಡಗಿತು. ಒಂದು ದೊಡ್ಡ ಕುಲುಕಿಗೆ ದ್ಯಾಮವ್ವನ ಗಂಟು ಬಿಚ್ಚಿ, ಕಾಯಿಯೊಂದು ಉರುಳಿ ಬಂದು ಅವನ ಕಾಲಡಿಯ ಪೆಡಲಿನ ಹಿಂದೆ ಸಿಕ್ಕಿಕೊಂಡಿತು.

“ಇದೆಲ್ಲಿಂದ ಬಂತು?”

“ದ್ಯಾಮವ್ವಂದು,” ಎಂದಳು ನಾಗರತ್ನಾ, ತಪ್ಪು ಮಾಡಿದವಳ ದನಿಯಲ್ಲಿ.

ಅವನು ಬಗ್ಗಿ ನೋಡುವಂತಿರಲಿಲ್ಲ. ಆಕೆಯೇ ಸೀಟಿನ ಪಟ್ಟಿ ಸಡಿಲಿಸಿ, ಬಗ್ಗಿ, ಕಾಯಿಯನ್ನು ಎಳೆದು ತೆಗೆದು ಮಡಿಲಲ್ಲಿಟ್ಟುಕೊಂಡಳು. ಅವನಿಗೆ ಆಗ ಎಲ್ಲವೂ ತಿಳಿಯಿತು: ಭಾರ, ಬಿಸಿಲು, ತಡ. ಮೆಲ್ಲಗೆ ವಿಮಾನವನ್ನು ಹೊರಳಿಸಿದ. ಹೊರಳುವಾಗ ಆಕೆ ಕಿಟಕಿಯಿಂದ ಮೂಡಣಕ್ಕೆ ಕೈ ಮಾಡಿ, “ಅಲ್ಲಿ ದೂರದಾಗ ಬೆಳ್ಳಗ ಹೊಳ್ಯಾಕ ಹತ್ತೇತಲ್ಲ, ಅದ ಏನ್ರಿ?” ಎಂದಳು.

“ಅದ,” ಎಂದ ಅವನು.

ಸಾಂಬ್ರಾದಲ್ಲಿ ಗಾಳಿ ಅಡ್ಡಲಾಗಿ ಬೀಸುತ್ತಿತ್ತು. ಮೊದಲ ಸಲ ಇಳಿಸಲು ಹೋದಾಗ ವಿಮಾನ ಪಕ್ಕಕ್ಕೆ ಸರಿಯಿತು, ಮತ್ತೆ ಮೇಲೇರಿದ. ಎರಡನೆಯ ಸಲ ನೆಲಕ್ಕೆ ಬಡಿದು ಪುಟಿಯಿತು, ಮತ್ತೆ ಏರಿದ. ಮೂರನೆಯ ಸಲ ಹೇಗೋ ಇಳಿಯಿತು. ನಾಗರತ್ನಾ ಕಾಯಿಯನ್ನು ಎದೆಗವಚಿಕೊಂಡು ಕುಳಿತೇ ಇದ್ದಳು.

ಅವನಿಗೆ ಕಲಿಸಿದವಳು ಮಾಲಾ ಎಂಬ ಕಿತ್ತೂರಿನ ಕಡೆಯ ಹೆಣ್ಣುಮಗಳು. ವಯಸ್ಸಿನಲ್ಲಿ ಅವನ ಅರ್ಧದಷ್ಟು. ಅವನು ಆಕೆಯನ್ನು ಮೇಡಮ್ ಎಂದರೆ ಆಕೆ ಅವನನ್ನು ಕಾಕಾ ಎನ್ನುತ್ತಿದ್ದಳು. ವಿಮಾನದ ಬಾಗಿಲು ತೆರೆದು ಒಳಗೆ ನೋಡಿದಳು.

“ಕಾಕಾ, ತೂಕದ ಚೀಟ್ಯಾಗ ಇವನ್ಯಾಕ ಬರೀಲಿಲ್ಲ?”

“ಅದು ಉಡಿ ಅಲ್ರಿ ಮೇಡಮ್. ಉಡಿ ಯಾರರ ತೂಗ್ತಾರೇನ್ರಿ?”

ಮಾಲಾಳಿಗೆ ನಗು ಬಂತು. ಮರುಕ್ಷಣ ನಗು ಹೋಯಿತು. “ನಮ್ಮವ್ವ ತುಂಬಿದ್ರ ನಾನೂ ಬರೀತಿರಲಿಲ್ಲೇನೊ. ಆದ್ರ ಕಾಕಾ, ವಿಮಾನಕ್ಕ ಅದು ಗೊತ್ತಾಗೂದಿಲ್ಲ.” ಸ್ವಲ್ಪ ತಡೆದು ಮತ್ತೆ ಹೇಳಿದಳು: “ನಿಮಗ ಮುಂಜಾನಿ ಹಾರೂದು ಬರತೈತಿ. ಇದ ಒಂದ ವಿಮಾನ, ಇದ ಒಂದ ದಾರಿ, ನಿಂತ ಗಾಳಿ. ಪರವಾನಗಿ ಕೊಟ್ಟಾರಂದ್ರ ಇನ್ನ ಮ್ಯಾಲೆ ಕಲೀಲಿಕ್ಕೆ ಅಡ್ಡಿ ಇಲ್ಲ ಅಂತ ಕೊಟ್ಟಾರ. ಕಲಿಯೂದು ಮುಗೀತು ಅಂತಲ್ಲ. ಕಾಕೂನ ಕರ್ಕೊಂಡು ನೀರಿನ ಮ್ಯಾಲೆ ಸುತ್ತು ಹಾಕಬೇಕಂದ್ರ ಬ್ಯಾರೆ ಬ್ಯಾರೆ ಗಾಳಿ ಕುಡದ ಬರ್ರಿ.”

ಮತ್ತೊಮ್ಮೆ ಹೋಗೋಣವೆಂದು ದಿನ ಹುಡುಕುವಷ್ಟರಲ್ಲಿ ಅಡ್ಡಮಳೆ ಬಿತ್ತು, ಅದರ ಬೆನ್ನಿಗೆ ಮುಂಗಾರು ಹಿಡಿಯಿತು. ಮಲಪ್ರಭೆ ಕೆಂಪಾಗಿ ಹರಿದು ಬಂದಳು. ಊರು ಮುಚ್ಚಿತು.

ಆಮೇಲಿನ ಕೆಲವು ವರ್ಷ ಮಳೆರಾಯ ಧಾರಾಳವಾಗಿ ಸುರಿದ. ನಮ್ಮ ನಾಡಿಗೆ ಅವು ಒಳ್ಳೆಯ ವರ್ಷಗಳು. ನಾಗರತ್ನಾ ದಿನಾಲೂ ಪತ್ರಿಕೆ ಬಂದೊಡನೆ ಜಲಾಶಯದ ಮಟ್ಟ ಬರೆದಿರುವ ಮೂಲೆಯನ್ನು ಓದುತ್ತಿದ್ದಳು. ಊರವರೆಲ್ಲ ಅದು ಏರಲೆಂದು ಓದುತ್ತಿದ್ದರು. ತಾನೊಬ್ಬಳೇ ಇಳಿಯಲೆಂದು ಓದುತ್ತಿದ್ದೇನೆಂಬುದು ಆಕೆಗೆ ಗೊತ್ತಿತ್ತು. ಅದಕ್ಕಾಗಿ ಒಳಗೊಳಗೆ ಅಳುಕುತ್ತಿದ್ದಳು. ಪಕ್ಕದ ಮನೆಯ ಲಗಮವ್ವನ ಹೊಲ ಕಾಲುವೆಯ ನೀರಿಗೆ ಬರುತ್ತದೆ. ಆಕೆ ಕಟ್ಟೆಯ ಮೇಲೆ ಕೂತು, “ಈ ವರ್ಷನೂ ಡ್ಯಾಮ್ ತುಂಬಿ ತುಳುಕ್ಲಿ ನೋಡು ನಾಗಕ್ಕಾ,” ಎಂದರೆ, “ತುಳುಕ್ಲಿ ಯವ್ವಾ, ತುಳುಕ್ಲಿ,” ಎಂದು ಹೇಳಿ ಒಲೆಯ ಮೇಲೆ ಹಾಲಿಟ್ಟಿದ್ದೇನೆಂದು ಒಳಗೆ ಹೋಗಿಬಿಡುತ್ತಿದ್ದಳು.

ಆ ವರ್ಷಗಳನ್ನು ವಿರೂಪಾಕ್ಷ ವ್ಯರ್ಥವಾಗಿ ಕಳೆಯಲಿಲ್ಲ. ಮೊದಲು ಮಾಲಾಳನ್ನು ಪಕ್ಕದಲ್ಲಿ ಕೂಡಿಸಿಕೊಂಡು, ತಾನು ಹೆದರುತ್ತಿದ್ದ ಹೊತ್ತಿನಲ್ಲಿಯೇ ಹಾರಿದ: ಮಧ್ಯಾಹ್ನದ ಉರಿಯಲ್ಲಿ, ಆಷಾಢದ ಗಾಳಿಯಲ್ಲಿ. ಅಡ್ಡಗಾಳಿಗೆ ಒಂದು ರೆಕ್ಕೆ ಬಗ್ಗಿಸಿ, ಮೂತಿಯನ್ನು ನೇರ ಹಿಡಿದು, ಒಂದೇ ಚಕ್ರದ ಮೇಲೆ ಮೊದಲು ಇಳಿಯುವುದನ್ನು ಕಲಿತ. ಒಂದು ದಿನ ಅದು ಸರಿಬಂದಾಗ ಮಾಲಾ ಏನೂ ಹೇಳದೆ ಕಿಟಕಿಯ ಹೊರಗೆ ನೋಡುತ್ತಿದ್ದಳಂತೆ. ಬೈಯಲಿಲ್ಲವೆಂಬುದೇ ಅವನಿಗೆ ಬಹುಮಾನವಾಯಿತು.

ಮತ್ತೆ ಪುಣೆಗೆ ಹೋದ. ಅಲ್ಲಿ ಎಂಜಿನ್ ಇಲ್ಲದ ವಿಮಾನದಲ್ಲಿ ಹಾರಲು ಕಲಿಸುತ್ತಾರೆ. ಹಗ್ಗದಿಂದ ಎಳೆದು ಮೇಲಕ್ಕೆ ಬಿಟ್ಟರೆ ಆಮೇಲೆ ನೀನುಂಟು, ಗಾಳಿಯುಂಟು. ಯಾವ ಬಿಸಿಗಾಳಿ ಸಂಪಗಾಂವದ ಮೇಲೆ ತನ್ನನ್ನು ಕುಲುಕಿ ಹಿಂದಿರುಗಿಸಿತ್ತೋ ಅದೇ ಬಿಸಿಗಾಳಿ ಅಲ್ಲಿ ಅವನನ್ನು ಎತ್ತಿಕೊಂಡಿತು. ಹದ್ದುಗಳು ಸುತ್ತುವಲ್ಲಿ ತಾನೂ ಸುತ್ತಿದ. ಇಳಿಯುವಾಗ ಮತ್ತೊಮ್ಮೆ ಏರಿ ಬರುವ ಮಾತಿಲ್ಲವಾದ್ದರಿಂದ ಒಂದೇ ಸಲಕ್ಕೆ ಸರಿಯಾಗಿ ಇಳಿಯಬೇಕು. ಊರಿಗೆ ಬಂದು ಹೆಂಡತಿಗೆ ಅದನ್ನೆಲ್ಲ ಉತ್ಸಾಹದಿಂದ ಹೇಳಿದ.

“ಎಂಜಿನ್ ಇಲ್ದ ಹಾರೂದು ಎದಕ್ರೀ? ಇದ್ದದ್ದು ಕೆಟ್ಟೈತೇನು?” ಎಂದಳು ಆಕೆ.

“ಗಾಳಿ ಗುರ್ತು ಆಗತೈತಿ.”

“ನೀರಿನ ಮ್ಯಾಲೆ ಹಾರಿದ್ರೇನು?”

“ಇಲ್ಲ.”

“ಹೂಂ,” ಎಂದು ಆಕೆ ಜೋಳ ಆರಿಸುವುದನ್ನು ಮುಂದುವರಿಸಿದಳು.

ಇನ್ನೊಂದು ವರ್ಷ, ಗೆಳೆಯನೊಬ್ಬನ ಬಳಿಯಿದ್ದ, ಬಾಲದಲ್ಲಿ ಸಣ್ಣ ಚಕ್ರವುಳ್ಳ ಹಳೆಯ ವಿಮಾನದಲ್ಲಿ ಪಾಠ ಹೇಳಿಸಿಕೊಂಡ. ನೆಲದ ಮೇಲೆ ಅದು ಹೊಸದಾಗಿ ನೊಗಕ್ಕೆ ಹೂಡಿದ ಹೋರಿಯಂತೆ. ಕ್ಷಣ ಮರೆತರೆ ಹಿಂದುಮುಂದಾಗಿ ನಿಲ್ಲುತ್ತದೆ. ಕಾಲುಗಳಿಗೆ ಅಲ್ಲಿ ಬುದ್ಧಿ ಬಂತು ಎನ್ನುತ್ತಾನೆ. ಹುಬ್ಬಳ್ಳಿ, ಕಲಬುರಗಿಯಂಥ ಪರಿಚಯವಿಲ್ಲದ ನಿಲ್ದಾಣಗಳಿಗೆ ಹೋಗಿ ಇಳಿದು ಬಂದ. ಮಾಲಾಳೊಡನೆ ಖಾನಾಪುರದ ಕಾಡಿನ ಅಂಚಿನವರೆಗೆ ಹಾರಿ, ಮುಂದೆ ಮೋಡ ಕವಿದಾಗ ಮನಸ್ಸಿಲ್ಲದೆ ತಿರುಗುವುದನ್ನೂ ಕಲಿತ. ಹೋದಲ್ಲೆಲ್ಲ ಎಳೆಯ ಹುಡುಗರು. ದೊಡ್ಡ ವಿಮಾನಗಳ ನೌಕರಿಗೆ ಹೋಗುವವರು. “ಅಂಕಲ್, ನೀವು ಯಾಕೆ ಇಷ್ಟು ಕಷ್ಟ ಪಡುತ್ತೀರಿ?” ಎಂದು ಅವರು ಕೇಳಿದರೆ, “ನಮ್ಮ ಮನೆಯವರ ಊರಿಗೆ ಹೋಗಬೇಕಾಗಿದೆ,” ಎನ್ನುತ್ತಿದ್ದ. ಎಷ್ಟು ದೂರ ಎಂದರೆ, “ಅರ್ಧ ತಾಸಿನ ದಾರಿ,” ಎನ್ನುತ್ತಿದ್ದ. ಹುಡುಗರು ಮುಖ ಮುಖ ನೋಡಿಕೊಳ್ಳುತ್ತಿದ್ದರು.

ಕೊನೆಯ ಪಾಠವನ್ನು ಮಾಲಾ ಒತ್ತಾಯ ಮಾಡಿ ಕಲಿಸಿದಳು. ಬಯಲಿನಲ್ಲಿದ್ದ ಒಂಟಿ ಬನ್ನಿ ಗಿಡವೊಂದನ್ನು ತೋರಿಸಿ ಅದನ್ನು ನಡುವಿಟ್ಟು ಸುತ್ತು ಎಂದಳು. ಗಾಳಿ ಒಂದು ಕಡೆಯಿಂದ ತಳ್ಳುತ್ತಿರುತ್ತದೆ; ಒಂದು ಬದಿಯಲ್ಲಿ ರೆಕ್ಕೆಯನ್ನು ಹೆಚ್ಚು ಬಗ್ಗಿಸಬೇಕು, ಇನ್ನೊಂದು ಬದಿಯಲ್ಲಿ ಕಡಿಮೆ. ವಿರೂಪಾಕ್ಷ ಗಿಡವನ್ನೇ ನೋಡುತ್ತ ಸುತ್ತಿದ. ವೇಗ ಕುಗ್ಗಿದ್ದು ಗೊತ್ತಾಗಲಿಲ್ಲ. ವಿಮಾನ ಬೀಳುವ ಮುನ್ನಿನ ಎಚ್ಚರಿಕೆಯ ಪೀಪಿ ಊದಿದಾಗ ಮಾಲಾ ಕೈಹಾಕಿ ಮೂತಿಯನ್ನು ತಗ್ಗಿಸಿದಳು.

“ಇದಕ್ಕ ಮಂದಿ ಸಾಯ್ತಾರ ಕಾಕಾ,” ಎಂದಳು, ಮೆಲುದನಿಯಲ್ಲಿ. “ತಮ್ಮ ಮನಿ ನೋಡ್ಕೋತ, ತಮ್ಮ ಹೊಲ ನೋಡ್ಕೋತ ಸುತ್ತತಾರ. ಕೆಳಗ ಪ್ರೀತಿದ್ದು ಏನರ ಇತ್ತಂದ್ರ ಕಣ್ಣು ಅಲ್ಲೇ ಅಂಟತೈತಿ. ನೋಡಾಕಿ ಕಾಕೂ. ನೀವು ಹಾರ್ಸೂದು.”

ಅವನು ಅದನ್ನು ಬಹಳ ದಿನ ಅಭ್ಯಾಸ ಮಾಡಿದ.

ಕೊನೆಗೊಂದು ವರ್ಷ ಮುಂಗಾರು ಅರ್ಧಕ್ಕೆ ನಿಂತಿತು. ಯುಗಾದಿ ಕಳೆಯುವಷ್ಟರಲ್ಲಿ ಹಿನ್ನೀರು ಸರಿಯತೊಡಗಿತು. ಕಾಲುವೆಯಲ್ಲಿ ನೀರು ಬಿಡಲಿಲ್ಲ. ಲಗಮವ್ವ ಕಟ್ಟೆಯ ಮೇಲೆ ಕೂತು ನಿಟ್ಟುಸಿರು ಬಿಡುವಾಗ ನಾಗರತ್ನಾ ಒಳಗೆ ಹೋಗಲಿಲ್ಲ, ಪಕ್ಕದಲ್ಲಿಯೇ ಕೂತಳು. ಅಂದು ಗಂಡನಿಗೆ ಹೇಳಿದಳು: “ನಾ ಬರೂದಿಲ್ರಿ. ಮಂದಿ ನೀರಿಲ್ಲ ಅಂತ ಬಾಯಿ ಬಿಡಾಕ ಹತ್ಯಾರ. ನಾ ಊರ ನೋಡಬೇಕಂತ ಹಲಬಿದ್ದಕ್ಕ ಹಿಂಗಾತೇನೊ ಅನಸ್ತೈತಿ.”

“ನೀ ಹಲಬಿದ್ದು ಇಷ್ಟು ವರ್ಷಾ ಆತು. ಮಳಿ ನಿನ್ನ ಮಾತು ಕೇಳೂದಿದ್ರ ಮದ್ಲ ಕೇಳ್ತಿತ್ತು.”

“ಚ್ಯಾಷ್ಟಿ ಮಾಡಬ್ಯಾಡ್ರಿ.”

“ಚ್ಯಾಷ್ಟಿ ಅಲ್ಲ. ನನಗೂ ವಯಸ್ಸಾತು. ಡಾಕ್ಟರು ಪಾಸ್ ಮಾಡ್ಲಿಲ್ಲಂದ್ರ ಪರವಾನಗಿ ಹೋಗತೈತಿ. ಮುಂದಿನ ಸಲ ನೀರು ಇಳಿಯೂತನಾ ನಾ ಹಾರತೇನೋ ಇಲ್ಲೋ.”

ಮರುದಿನ ಬೆಳಗ್ಗೆ ಆಕೆ ತಾನಾಗಿಯೇ ಗಿರಣಿಗೆ ಬಂದು ಕಾಟಾದ ಮೇಲೆ ನಿಂತಳು.

ಈ ಸಲ ತಾಯಿಯನ್ನೂ ಕೂಡಿಸಿಕೊಂಡು ಮೂವರೂ ವಾರ ನೋಡಿದರು. ಮುಂಜಾನೆ ರಾಹುಕಾಲವಿಲ್ಲದ ಗುರುವಾರ. ಸೋಮವ್ವ ಉಡಿಯ ಮೊರ ಹಿಡಿದು ಬಂದಾಗ ವಿರೂಪಾಕ್ಷ ಅದನ್ನು ಕೈಗೆ ತೆಗೆದುಕೊಂಡು ಕಾಟಾದ ಕಡೆಗೆ ನಡೆದ.

“ಉಡಿ ತೂಗತೀಯೇನೊ ಭಾಡ್ಯಾ! ನಿಮ್ಮಪ್ಪನೂ ತೂಗಿರ್ಲಿಲ್ಲ.”

“ನಮ್ಮಪ್ಪ ವಿಮಾನ ಹಾರಿಸಿರ್ಲಿಲ್ಲವ್ವಾ. ಒಂದು ಕಾಯಿ ಇರ್ಲಿ, ಉಳಿದದ್ದು ಕಡಿಮಿ ಮಾಡು.”

“ನೀ ಹೊಟ್ಟಿ ಕಡಿಮಿ ಮಾಡ್ಕೊ. ದ್ಯಾಮವ್ವನ ಕಾಯಿಗೆ ಯಾಕ ಬರತಿ?”

ಕೊನೆಗೆ ಒಂದೇ ಕಾಯಿ, ಐದು ಹಿಡಿ ಅಕ್ಕಿ, ಕುಬಸದ ಕಣಕ್ಕೆ ಒಪ್ಪಂದವಾಯಿತು. ಚೀಟಿಯಲ್ಲಿ ‘ಸಾಮಾನು’ ಎಂಬ ಸಾಲಿನ ಮುಂದೆ ಅದರ ತೂಕ ಬರೆದ. ಮಾಲಾ ಓದಿ, ಸಹಿ ಮಾಡಿ, ನಾಗರತ್ನಾಳ ಪಟ್ಟಿಯನ್ನು ತಾನೇ ಬಿಗಿದು, “ಹೋಗಿ ಬರ್ರಿ ಕಾಕೂ,” ಎಂದಳು.

ವಿಮಾನ ಹಗುರವಾಗಿ ಎದ್ದಿತು. ಗಾಳಿ ಇನ್ನೂ ಎಚ್ಚರಗೊಂಡಿರಲಿಲ್ಲ. ಬೈಲಹೊಂಗಲದ ಮೇಲೆ ಹಾಯುವಾಗ ಗಿರಣಿಯ ತಗಡು ಕಂಡಿತು. ಇಬ್ಬರ ಕಿವಿಯಲ್ಲಿಯೂ ಹೆಡ್‌ಫೋನು. ಆಕೆಯ ಉಸಿರು ಅವನಿಗೆ ಕೇಳಿಸುತ್ತಿತ್ತು. ಮುನವಳ್ಳಿ ದೂರದಲ್ಲಿ ಕಂಡಿತು, ಆಮೇಲೆ ಸವದತ್ತಿಯ ಗುಡ್ಡದ ಸಾಲು. ಆಣೆಕಟ್ಟಿನ ಕಡೆಗೆ ಹೋಗದೆ ಹಿನ್ನೀರಿನ ಅಂಚಿಗೆ ತಿರುಗಿದ. ನೀರು ನಡುವಿಗೆ ಸರಿದುಕೊಂಡು ಸಣ್ಣದಾಗಿತ್ತು. ಅದರ ಎರಡೂ ಬದಿಗೆ ಬಿರಿದ ಮಣ್ಣು, ಮಣ್ಣಿನ ಮೇಲೆ ಅಲ್ಲಲ್ಲಿ ಹಸಿರು ತೇಪೆ.

“ಹೊಳಿ ಹೊಳ್ಳೂ ಕಡೆ ನೋಡು. ನಿಮ್ಮಣ್ಣ ಹೇಳಿದ್ದು ಅದ ಜಾಗಾ.”

ಆಕೆ ಗಾಜಿಗೆ ಹಣೆ ಹಚ್ಚಿದಳು. ಅವನು ಬಲರೆಕ್ಕೆಯನ್ನು ಬಗ್ಗಿಸಿದ. ಆಕೆಯ ಕಿಟಕಿಯ ತುಂಬ ನೆಲ ಬಂತು. ಅವನ ಕಿಟಕಿಯ ತುಂಬ ಆಕಾಶ. ನೀರಿನ ಮೇಲಿನಿಂದ ಗಾಳಿ ಬೀಸುತ್ತಿತ್ತು. ಅವನು ಕ್ಷಿತಿಜವನ್ನು ನೋಡಿದ, ವೇಗದ ಮುಳ್ಳನ್ನು ನೋಡಿದ, ಮತ್ತೆ ಕ್ಷಿತಿಜವನ್ನು ನೋಡಿದ. ಗಾಳಿ ಬೆನ್ನಿಗೆ ಬಂದಾಗ ಹೆಚ್ಚು ಬಗ್ಗಿಸಿದ, ಎದುರಾದಾಗ ಬಿಟ್ಟುಕೊಟ್ಟ.

ಮೊದಲ ಸುತ್ತು ಮುಗಿಯಿತು. ಎರಡನೆಯ ಸುತ್ತಿನ ನಡುವೆ ಆಕೆ, “ಅಯ್ಯ ಶಿವನ!” ಎಂದಳು.

“ಏನಾತು?”

“ಓಣಿ ಕಾಣತಾವು. ರಂಗೋಲಿ ಅಳಿಸಿದ್ರ ಗೆರಿ ಉಳಿದಿರತೈತಲ್ಲ, ಹಂಗ. ಅಗಸಿ ಬಾಗಲಾ ಅಲ್ಲೈತಿ. ದ್ಯಾಮವ್ವನ ಕಟ್ಟಿ... ಅಯ್ಯ, ಬಾವಿ! ಬಾವಿ ಕಾಣತೈತ್ರಿ, ದುಂಡಗ! ನೋಡ್ರಿ ಇಲ್ಲಿ!”

ಅವನ ಕುತ್ತಿಗೆ ತಾನಾಗಿಯೇ ಬಲಕ್ಕೆ ಹೊರಳಹೊರಟಿತು. ಇಷ್ಟು ವರ್ಷ ಯಾವುದಕ್ಕಾಗಿ ಗಾಳಿ ಗಾಳಿಯಲ್ಲಿ ಅಲೆದಿದ್ದನೋ ಅದು ಒಂದು ಹೆಗಲಿನಾಚೆ ಇತ್ತು. ಅವನು ಮುಳ್ಳಿನ ಮೇಲಿಂದ ಕಣ್ಣು ತೆಗೆಯಲಿಲ್ಲ.

“ನೀ ನೋಡು,” ಎಂದ. “ನಾ ಹಿಡಕೊಂಡೇನಿ.”

“ಬಾವಿಯಿಂದ ಮ್ಯಾಲಿನ ಓಣ್ಯಾಗ ಮೂರನೇದು. ಅವ್ವ ಕೊಡಾ ಹೊತ್ತ ಹೋಗೂ ಮುಂದ ನಾ ತಂಬಿಗಿ ಹಿಡಕೊಂಡು ಹಿಂದ ಹೋಗ್ತಿದ್ದೆ... ಒಂದು... ಎರಡು... ಅದ! ಅದ ನಮ್ಮನಿ. ಅಣ್ಣ ತೋರಿಸಿದ್ದು ಎರಡೂ ಅಲ್ಲ.” ಆಮೇಲೆ ದನಿ ಬದಲಾಯಿತು. “ಅಂಗಳದಾಗ ಹಸರ ಐತ್ರಿ. ಯಾರೋ ಸೌತಿ ಬಳ್ಳಿ ಹಾಕ್ಯಾರ. ಗಿಂಡಿ ಹಿಡಕೊಂಡು ಹೆಣ್ಮಗಳೊಬ್ಬಾಕಿ ನಿಂತಾಳ. ಮ್ಯಾಲೆ ನೋಡಾಕ ಹತ್ಯಾಳ.”

ನಾಗರತ್ನಾ ಕೈಬೀಸಿದಳೋ ಏನೋ, ವಿರೂಪಾಕ್ಷ ನೋಡಲಿಲ್ಲ. ಇನ್ನೊಂದು ಸುತ್ತಿಗೆ ಬೇಕಾದಷ್ಟು ಪೆಟ್ರೋಲಿತ್ತು. ಆದರೆ ಬಿಸಿಲು ಬಲಿಯುತ್ತಿತ್ತು, ರೆಕ್ಕೆಯ ಕೆಳಗೆ ಮೊದಲ ಸಣ್ಣ ಕುಲುಕು ತಿಳಿಯಿತು. ಅದನ್ನು ಹೇಳುವುದು ಹೇಗೆಂದು ಅವನು ಯೋಚಿಸುತ್ತಿರುವಾಗ ಆಕೆಯೇ, “ಸಾಕ್ರಿ. ಹೋಗೂಣು,” ಎಂದಳು. ಅವನು ರೆಕ್ಕೆಗಳನ್ನು ಸಮ ಮಾಡಿ ಮೂತಿಯನ್ನು ಪಡುವಣಕ್ಕೆ ತಿರುಗಿಸಿದ. ಬಾಲ ಮರೆಮಾಡುವವರೆಗೆ ಆಕೆ ಹಿಂದಕ್ಕೇ ನೋಡುತ್ತಿದ್ದಳು.

ಬಹಳ ದೂರ ಬಂದ ಮೇಲೆ ಕೇಳಿದಳು: “ನೀವು ನೋಡಿದ್ರೇನು?”

“ಇಲ್ಲ.”

“ಒಂದ್ಸಲನೂ?”

“ನಾ ನೋಡಿದ್ರ ಇಬ್ರೂ ಅಲ್ಲೇ ಇಳೀತಿದ್ವಿ. ಸೌತಿ ಬಳ್ಳ್ಯಾಗ.”

ಆಕೆಗೆ ನಗು ಬಂತು, ಅಳುವೂ ಬಂತು. ಸೆರಗಿನಿಂದ ಮುಖ ಒರೆಸಿಕೊಂಡಳು. “ಹಂಗಾರ ಹೇಳತೇನಿ, ಕೇಳ್ರಿ,” ಎಂದು ಅಗಸಿಯಿಂದ ಪ್ರಾರಂಭಿಸಿದಳು. ಅಗಸಿಯ ಎಡಕ್ಕೆ ಕಂಬಾರರ ಸಾಲು, ಅಲ್ಲಿಂದ ದ್ಯಾಮವ್ವನ ಕಟ್ಟೆ, ಕಟ್ಟೆಯ ಹಿಂದೆ ಹುಣಸೆಯ ಗಿಡವಿದ್ದ ತಗ್ಗು, ಬಾವಿ, ಬಾವಿಯ ಮೇಲಿನ ಓಣಿ. ಕೆಳಗೆ ಕಂಡದ್ದು ಯಾವುದು, ಒಳಗೆ ನೆನೆದದ್ದು ಯಾವುದು ಎಂದು ಅವನು ಕೇಳಲಿಲ್ಲ. ದಾರಿಯುದ್ದಕ್ಕೂ ಮುಂದೆ ನೋಡುತ್ತ ಹೂಂಗುಟ್ಟಿದ. ಹೇಳುತ್ತ ಹೇಳುತ್ತ ಮನೆಯ ಕಟ್ಟೆ ಹತ್ತಿ ಬಾಗಿಲಿಗೆ ಬಂದಿದ್ದಳು. ಅಷ್ಟರಲ್ಲಿ ಸಾಂಬ್ರಾದ ಟವರಿನಿಂದ ಇಂಗ್ಲಿಷಿನಲ್ಲಿ ಕರೆ ಬಂತು. ಅವನು ಒಂದು ಕೈ ಎತ್ತಿದ. ಆಕೆ ಅಲ್ಲಿಯೇ ಮಾತು ನಿಲ್ಲಿಸಿದಳು.

ಗಾಳಿ ಸ್ವಲ್ಪ ಅಡ್ಡಲಾಗಿತ್ತು. ಅವನು ಒಂದು ಚಕ್ರ, ಆಮೇಲೆ ಇನ್ನೊಂದು ಚಕ್ರವನ್ನು ನೆಲಕ್ಕೆ ತಾಗಿಸಿದ. ವಿಮಾನವನ್ನು ಓಡಿಸಿಕೊಂಡು ಹೋಗಿ ಅದರ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಬಂದ್ ಮಾಡಿದ. ಪಂಖ ನಿಂತಿತು. ಮಾಲಾ ದೂರದಿಂದ ನಡೆದು ಬರುತ್ತಿದ್ದಳು. ಅವನು ಪಟ್ಟಿ ಬಿಚ್ಚಲಿಲ್ಲ, ಬಾಗಿಲನ್ನೂ ತೆರೆಯಲಿಲ್ಲ. ಆ ಮುಂಜಾನೆ ಮೊದಲ ಬಾರಿಗೆ ಪೂರಾ ಬಲಕ್ಕೆ ತಿರುಗಿ ಹೆಂಡತಿಯ ಮುಖ ನೋಡಿದ.

“ಹೂಂ,” ಎಂದ. “ಹೊಸ್ತಿಲಕ್ಕ ಬಂದಿದ್ದಿ. ಒಳಗ ಹೋಗು. ಮುಂದ ಏನೈತಿ?”